ನಾಗರಹಾವಿನ ವಿಷ, ಬಾಟಲಿಯ ವಿಷ

ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಗಳ ಪಟ್ಟಿಗೆ ಸೇರಿಸಿ ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಆದೇಶ ಹೊರಡಿಸಿತು. ದೇಶದಲ್ಲಿ ಇಂಥ ಕ್ರಮಕ್ಕೆ ಮುಂದಾದ ಮೊದಲ ರಾಜ್ಯ ನಮ್ಮದು. ಸರ್ಕಾರಿ ಆಸ್ಪತ್ರೆಯಿರಲಿ, ಖಾಸಗಿ ಆಸ್ಪತ್ರೆಯಿರಲಿ, ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ, ಪ್ರತಿಯೊಂದು ಸಾವನ್ನೂ ಆರೋಗ್ಯ ಇಲಾಖೆಗೆ ವರದಿ ಮಾಡಲೇಬೇಕು ಎಂಬುದು ಅದರ ತಿರುಳು. ಅದೇ ವರ್ಷದ ನವೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆಯೂ ಎಲ್ಲ ರಾಜ್ಯಗಳಿಗೆ ಇದೇ ಮಾರ್ಗವನ್ನು ಅನುಸರಿಸುವಂತೆ ಪತ್ರ ಬರೆಯಿತು. ಎಷ್ಟು ಜನ ಕಡಿಸಿಕೊಳ್ಳುತ್ತಾರೆ, ಎಲ್ಲಿ, ಯಾವ ಹಂಗಾಮಿನಲ್ಲಿ ಎಂಬುದು ತಿಳಿಯದೆ ವಿಷನಿರೋಧಕ ಚುಚ್ಚುಮದ್ದನ್ನು ಯಾವ ಆಸ್ಪತ್ರೆಗೆ ಎಷ್ಟು ಕಳುಹಿಸಬೇಕೆಂದು ನಿರ್ಧರಿಸುವುದು ಸಾಧ್ಯವಿಲ್ಲ. ಆದ್ದರಿಂದ ಈ ಆದೇಶವನ್ನು ನಾನು ಮನಃಪೂರ್ವಕವಾಗಿ ಸ್ವಾಗತಿಸುತ್ತೇನೆ. ಆದರೆ ನಾಗರಹಾವು ಮನುಷ್ಯನ ದೇಹದಲ್ಲಿ ಯಾವ ಜಾಗಕ್ಕೆ ಕೈಹಾಕುತ್ತದೆಯೋ ಅದೇ ಜಾಗಕ್ಕೆ ಕೈಹಾಕುವ ಇನ್ನೊಂದು ವಿಷ ನಮ್ಮ ಹಳ್ಳಿಗಳಲ್ಲಿದೆ. ಅದು ಹುತ್ತದಲ್ಲಿಲ್ಲ, ಅಂಗಡಿಯ ಕಪಾಟಿನಲ್ಲಿದೆ. ಅದರ ವಿಚಾರದಲ್ಲಿ ನಮ್ಮ ವ್ಯವಸ್ಥೆ ಇಷ್ಟು ಜಾಗೃತವಾಗಿಲ್ಲ.

ಬೆಳಗಾವಿ ಜಿಲ್ಲೆಯ ನಾಗನೂರನ್ನೇ ತೆಗೆದುಕೊಳ್ಳೋಣ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಈ ಸೀಮೆಯಲ್ಲಿ ಆ ಹೆಸರಿನ ಊರು ಒಂದೇ ಅಲ್ಲ. ನಾಗನ ಹೆಸರು ಊರಿಗೇ ಅಂಟಿಕೊಳ್ಳುವಷ್ಟು ಹಾವು ಇಲ್ಲಿನ ಬದುಕಿನೊಳಗೆ ಹೊಕ್ಕಿದೆ ಎಂದು ಯಾರಾದರೂ ಹೇಳಿದರೆ ನಾನು ವಾದಕ್ಕಿಳಿಯಲಾರೆ. ಘಟಪ್ರಭೆಯ ನೀರು, ಹಿಡಕಲ್ ಜಲಾಶಯ, ಕಾಲುವೆ, ಕಾಲುವೆಯ ಬೆನ್ನಿಗೆ ಕಬ್ಬು, ಕಬ್ಬಿನ ಬೆನ್ನಿಗೆ ಸಕ್ಕರೆ ಕಾರ್ಖಾನೆ. ಆಳೆತ್ತರ ಬೆಳೆದ ಕಬ್ಬಿನಲ್ಲಿ ಇಲಿಗಳಿರುತ್ತವೆ. ಇಲಿಗಳನ್ನು ಹುಡುಕಿಕೊಂಡು ನಾಗರ, ಕೊಳಕುಮಂಡಲಗಳು ಬರುತ್ತವೆ. ಅದೇ ಕಬ್ಬಿನ ಬೇರಿಗೆ ಗೊಣ್ಣೆಹುಳು ಬೀಳುತ್ತದೆ, ಸುಳಿಗೆ ಕೊರಕ ಬೀಳುತ್ತದೆ. ಅವುಗಳನ್ನು ಹುಡುಕಿಕೊಂಡು ಬಾಟಲಿ ಬರುತ್ತದೆ. ಕಬ್ಬು ಕಡಿಯುವ ಆಳು ಒಂದೇ ದಿನ ಒಂದೇ ಹೊಲದಲ್ಲಿ ಎರಡೂ ವಿಷಗಳ ಎದುರಿಗಿರುತ್ತಾನೆ. ಈ ಎರಡರ ನಡುವಿನ ಸಂಬಂಧವನ್ನು ಅರಿಯಬೇಕಾದರೆ ದೇಹದ ಕೋಶಗಳು ತಮ್ಮತಮ್ಮೊಳಗೆ ಹೇಗೆ ಮಾತನಾಡಿಕೊಳ್ಳುತ್ತವೆ ಎಂಬುದನ್ನು ಸ್ವಲ್ಪ ನೋಡಬೇಕಾಗುತ್ತದೆ.

ನಮ್ಮ ದೇಹ ಕೋಟ್ಯಂತರ ಜೀವಕೋಶಗಳ ರಾಶಿಯಲ್ಲ, ಅವುಗಳ ಸಂವಾದ. ಮೇದೋಜೀರಕ ಗ್ರಂಥಿಯ ಕೋಶವೊಂದು ಇನ್ಸುಲಿನ್ ಎಂಬ ಓಲೆಯನ್ನು ರಕ್ತದಲ್ಲಿ ತೇಲಿಬಿಡುತ್ತದೆ. ಸ್ನಾಯುವಿನ ಕೋಶ ಅದನ್ನು ಓದಿ ಸಕ್ಕರೆಗೆ ಬಾಗಿಲು ತೆರೆಯುತ್ತದೆ. ಓಲೆ ಬರೆಯುವವರೇ ನಾಶವಾದರೆ ಒಂದು ಬಗೆಯ ಮಧುಮೇಹ, ಓಲೆ ತಲುಪಿದರೂ ಓದುವವರು ಕಿವುಡಾದರೆ ಇನ್ನೊಂದು ಬಗೆಯ ಮಧುಮೇಹ. ಇದು ನಿಧಾನಗತಿಯ ಅಂಚೆ. ನರಕ್ಕೂ ಸ್ನಾಯುವಿಗೂ ನಡುವೆ ನಡೆಯುವ ಮಾತುಕತೆಯಾದರೋ ಕಣ್ಣು ಮಿಟುಕಿಸುವುದಕ್ಕಿಂತ ವೇಗವಾದದ್ದು. ನರದ ತುದಿಗೂ ಸ್ನಾಯುಕೋಶದ ಮೇಲ್ಮೈಗೂ ನಡುವೆ ಒಂದು ಸಂದಿ ಇರುತ್ತದೆ. ಅದರ ಅಗಲ ಸುಮಾರು 50 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತು ಸಾವಿರದ ಒಂದು ಭಾಗ. ಮಿದುಳಿನ ಆಜ್ಞೆ ನರದ ಉದ್ದಕ್ಕೂ ವಿದ್ಯುತ್ತಿನ ರೂಪದಲ್ಲಿ ಓಡಿಬಂದು ಈ ಸಂದಿಯ ದಡದಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದಕ್ಕೆ ರಾಸಾಯನಿಕದ ದೋಣಿ. ಆ ದೋಣಿಯ ಹೆಸರು ಅಸಿಟೈಲ್‌ಕೋಲೀನ್. ಎದುರು ದಡದಲ್ಲಿ ಅದಕ್ಕೆಂದೇ ಕಾದಿರುವ ಗ್ರಾಹಕಗಳಿವೆ. ದೋಣಿ ಅಲ್ಲಿ ತಗುಲಿದೊಡನೆ ಸ್ನಾಯು ಸಂಕುಚಿಸುತ್ತದೆ. ನಾವು ಕುಡುಗೋಲು ಎತ್ತುತ್ತೇವೆ, ಉಸಿರು ಎಳೆಯುತ್ತೇವೆ.

ಹೀಗೆ ನರಗಳು ರಾಸಾಯನಿಕದ ಭಾಷೆಯಲ್ಲಿ ಮಾತನಾಡುತ್ತವೆಂಬುದು ಖಚಿತವಾಗಿ ತಿಳಿದು ಒಂದು ಶತಮಾನಕ್ಕಿಂತ ಸ್ವಲ್ಪ ಹೆಚ್ಚು ಕಾಲವಾಯಿತಷ್ಟೇ. 1921ರಲ್ಲಿ ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿ ಆಟೊ ಲೋವಿ ಎಂಬ ವಿಜ್ಞಾನಿ ಎರಡು ಕಪ್ಪೆಗಳ ಹೃದಯಗಳನ್ನು ಬೇರೆಬೇರೆ ದ್ರವದಲ್ಲಿಟ್ಟ. ಒಂದರ ನರವನ್ನು ಪ್ರಚೋದಿಸಿ ಅದರ ಬಡಿತವನ್ನು ನಿಧಾನಗೊಳಿಸಿದ. ಆ ದ್ರವವನ್ನು ಎರಡನೆಯದಕ್ಕೆ ಹನಿಸಿದಾಗ ನರದ ಸಂಪರ್ಕವೇ ಇಲ್ಲದ ಅದೂ ನಿಧಾನವಾಯಿತು. ಈ ಪ್ರಯೋಗದ ಹೊಳಹು ತನಗೆ ನಿದ್ದೆಯಲ್ಲಿ ಬಂತೆಂದು ಲೋವಿ ಆಮೇಲೆ ಹೇಳಿಕೊಂಡ. 1936ರಲ್ಲಿ ಆತನಿಗೂ ಇಂಗ್ಲೆಂಡಿನ ಹೆನ್ರಿ ಡೇಲ್‌ಗೂ ನೊಬೆಲ್ ಪ್ರಶಸ್ತಿ ಬಂತು. ಆ ಇಸವಿಯನ್ನು ಓದುಗರು ನೆನಪಿನಲ್ಲಿಡಬೇಕು; ಅದೇ ವರ್ಷದ ಕೊನೆಯಲ್ಲಿ ನಡೆದ ಮತ್ತೊಂದು ಸಂಗತಿಗೆ ಮುಂದೆ ಬರುತ್ತೇನೆ.

ಮಾತು ತಲುಪಿದರೆ ಸಾಲದು, ಮುಗಿಯಲೂ ಬೇಕು. ಬಾಗಿಲಿನ ಗಂಟೆಯ ಗುಂಡಿ ಒತ್ತಿದಲ್ಲೇ ಸಿಕ್ಕಿಕೊಂಡರೆ ಏನಾಗುತ್ತದೆಂಬುದು ಎಲ್ಲರಿಗೂ ಗೊತ್ತು. ಆದ್ದರಿಂದ ಆ ಸಂದಿಯಲ್ಲಿ ಕೋಲಿನೆಸ್ಟರೇಸ್ ಎಂಬ ಕಿಣ್ವವೊಂದು ಕಾವಲಿಗಿದೆ. ಸಂದೇಶ ತಲುಪಿದ ಮರುಕ್ಷಣವೇ ಅಸಿಟೈಲ್‌ಕೋಲೀನನ್ನು ಅದು ತುಂಡರಿಸಿ ಹಾಕುತ್ತದೆ. ಈ ಕಿಣ್ವದ ಒಂದೇ ಒಂದು ಅಣು ಒಂದು ಸೆಕೆಂಡಿಗೆ ಸಾವಿರಾರು ಅಣುಗಳನ್ನು ಒಡೆಯಬಲ್ಲದು. ಜೀವಲೋಕದ ಅತ್ಯಂತ ಚುರುಕಾದ ಕೆಲಸಗಾರರಲ್ಲಿ ಇದೂ ಒಂದು. ಹೀಗೆ ಸಂದಿ ಪ್ರತಿ ಬಾರಿಯೂ ಖಾಲಿಯಾಗಿ, ಮುಂದಿನ ಮಾತಿಗೆ ತೆರವಾಗುತ್ತದೆ.

ನಾಗರಹಾವು ಕಡಿದಾಗ ಅದರ ವಿಷದಲ್ಲಿನ ಸಣ್ಣ ಪ್ರೋಟೀನುಗಳು ನೇರವಾಗಿ ಹೋಗಿ ಎದುರು ದಡದ ಗ್ರಾಹಕಗಳ ಮೇಲೆ ಕುಳಿತುಬಿಡುತ್ತವೆ. ದೋಣಿ ಬರುತ್ತದೆ, ತಂಗಲು ಜಾಗವಿಲ್ಲ. ಮೊದಲು ಕಣ್ಣಿನ ರೆಪ್ಪೆ ಜೋಲುತ್ತದೆ, ನಾಲಿಗೆ ತೊದಲುತ್ತದೆ, ಎಂಜಲು ನುಂಗಲಾಗುವುದಿಲ್ಲ, ಕೊನೆಗೆ ಎದೆಯ ಸ್ನಾಯುಗಳು ಆಜ್ಞೆಯನ್ನು ಕೇಳದೆ ಉಸಿರು ನಿಲ್ಲುತ್ತದೆ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುವ ಕಟ್ಟುಹಾವಿನ ರೀತಿ ಇನ್ನೂ ಕ್ರೂರ: ಅದು ನರದ ತುದಿಯನ್ನೇ, ಎಂದರೆ ದೋಣಿ ಹೊರಡುವ ಘಟ್ಟವನ್ನೇ ಹಾಳುಗೆಡವುತ್ತದೆ. ಇವೇ ವಿಷಗಳು ವಿಜ್ಞಾನಕ್ಕೆ ದೊಡ್ಡ ಉಪಕಾರವನ್ನೂ ಮಾಡಿವೆ. ತೈವಾನಿನ ಕಟ್ಟುಹಾವಿನ ವಿಷದಿಂದ 1963ರಲ್ಲಿ ಬೇರ್ಪಡಿಸಿದ ಪ್ರೋಟೀನೊಂದು ಗ್ರಾಹಕಕ್ಕೆ ಎಷ್ಟು ಗಟ್ಟಿಯಾಗಿ ಅಂಟುತ್ತದೆಂದರೆ, ಅದನ್ನೇ ಗಾಳದಂತೆ ಬಳಸಿ ಮುಂದೆ ವಿಜ್ಞಾನಿಗಳು ಆ ಗ್ರಾಹಕವನ್ನು ಹೊರತೆಗೆದು ಪರಿಶೀಲಿಸಿದರು.

ಬಾಟಲಿಯ ವಿಷದ್ದು ಇದಕ್ಕೆ ತದ್ವಿರುದ್ಧವಾದ ವರಸೆ. ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಫೋರೇಟ್ ಮುಂತಾದ ರಂಜಕ ಮೂಲದ ಕೀಟನಾಶಕಗಳು ಗ್ರಾಹಕವನ್ನು ಮುಟ್ಟುವುದಿಲ್ಲ. ಕಾವಲಿನ ಕಿಣ್ವದ ಕೈಕಟ್ಟುತ್ತವೆ. ತಲುಪಿದ ಸಂದೇಶ ಅಳಿಯದೆ ಉಳಿಯುತ್ತದೆ, ಮತ್ತೆ ಮತ್ತೆ ಬಡಿಯುತ್ತದೆ, ಸಂದಿ ತುಂಬಿ ತುಳುಕುತ್ತದೆ. ನಾಗರಹಾವು ಮಾತನ್ನು ಮೌನವಾಗಿಸಿ ಕೊಂದರೆ ಬಾಟಲಿ ಗದ್ದಲದಿಂದ ಕೊಲ್ಲುತ್ತದೆ. ಬಾಯಲ್ಲಿ ನೊರೆ, ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು, ವಾಂತಿ, ಭೇದಿ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣದಾಗುತ್ತದೆ. ಶ್ವಾಸಕೋಶದೊಳಗೇ ದ್ರವ ಒಸರಿ ರೋಗಿ ಒಣನೆಲದ ಮೇಲೆ ಮುಳುಗುತ್ತಾನೆ. ಸ್ನಾಯುಗಳು ಮೊದಲು ಚರ್ಮದಡಿ ಹುಳು ಹರಿದಂತೆ ಅದುರುತ್ತವೆ, ಬಳಿಕ ಬಳಲಿ ಸೋಲುತ್ತವೆ. ಕೊನೆಯ ನಿಲ್ದಾಣ ಎರಡಕ್ಕೂ ಒಂದೇ: ಉಸಿರಾಟದ ಸ್ನಾಯುಗಳು.

ಇನ್ನು 1936ರ ಆ ಎರಡನೆಯ ಸಂಗತಿ. ಲೋವಿ ಮತ್ತು ಡೇಲ್ ಪ್ರಶಸ್ತಿ ಸ್ವೀಕರಿಸಿದ ಅದೇ ಡಿಸೆಂಬರ್ ತಿಂಗಳಲ್ಲಿ ಜರ್ಮನಿಯ ಇಗೆ ಫಾರ್ಬೆನ್ ಕಂಪನಿಯ ರಸಾಯನಶಾಸ್ತ್ರಜ್ಞ ಗೆರ್ಹಾರ್ಡ್ ಶ್ರಾಡರ್ ಹೊಸ ಕೀಟನಾಶಕವನ್ನು ಹುಡುಕುತ್ತಾ ಟಾಬುನ್ ಎಂಬ ವಸ್ತುವನ್ನು ತಯಾರಿಸಿದ. ಅದು ಕೀಟಗಳಿಗಷ್ಟೇ ಅಲ್ಲ, ಮನುಷ್ಯರಿಗೂ ಮಾರಕವೆಂದು ತಿಳಿಯಲು ತಡವಾಗಲಿಲ್ಲ; ಸೈನ್ಯ ಅದನ್ನು ವಶಕ್ಕೆ ತೆಗೆದುಕೊಂಡಿತು. 1938ರಲ್ಲಿ ಸಾರಿನ್ ಬಂತು. ಅದೇ ಶ್ರಾಡರ್ ಮುಂದೆ ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನೂ ಕೊಟ್ಟ. ಯುದ್ಧದ ವಿಷಾನಿಲ ಮತ್ತು ಹೊಲದ ‘ಔಷಧ’ ಒಂದೇ ತಾಯಿಯ ಮಕ್ಕಳು. ಒಂದು ಬಲು ಬೇಗ, ಮತ್ತೊಂದು ತುಸು ನಿಧಾನ. ಕೈಕಟ್ಟುವುದು ಅದೇ ಕಿಣ್ವದ್ದು. ಇಷ್ಟನ್ನು ಹೇಳುವುದು ಬೆದರಿಸಲಿಕ್ಕಲ್ಲ. ಕೀಟದ ನರಕ್ಕೂ ನಮ್ಮ ನರಕ್ಕೂ ಭಾಷೆ ಒಂದೇ ಆಗಿರುವುದರಿಂದ ಕೀಟಕ್ಕಷ್ಟೇ ಕೇಳಿಸುವ ಹಾಗೆ ಕೂಗುವುದು ಈ ವರ್ಗದ ವಿಷಗಳಿಗೆ ಸುಲಭವಲ್ಲ ಎಂಬುದನ್ನು ನೆನಪಿಸಲಿಕ್ಕೆ.

ಚಿಕಿತ್ಸೆ ಇಲ್ಲವೇ? ಖಂಡಿತ ಇದೆ, ಅದೂ ಅಗ್ಗದ್ದು. ಅಟ್ರೋಪಿನ್ ಎಂಬ ಮದ್ದು ಗ್ರಂಥಿಗಳ, ಹೃದಯದ, ಶ್ವಾಸನಾಳದ ಗ್ರಾಹಕಗಳನ್ನು ಮುಚ್ಚಿ ಗದ್ದಲ ಕೇಳಿಸದಂತೆ ಮಾಡುತ್ತದೆ. ಶ್ವಾಸಕೋಶ ಒಣಗುವವರೆಗೆ ಕೆಲವೇ ನಿಮಿಷಗಳಿಗೊಮ್ಮೆ ಪ್ರಮಾಣವನ್ನು ಇಮ್ಮಡಿಸುತ್ತಾ ಹೋಗಬೇಕು. ಒಂದೆರಡು ಆಂಪೂಲ್‌ಗಳಿಂದ ಆಗುವ ಕೆಲಸವಲ್ಲ. ನಮ್ಮ ಬದುಗಳಲ್ಲಿ ತಾನಾಗಿ ಬೆಳೆಯುವ ಉಮ್ಮತ್ತಿ ಗಿಡದಲ್ಲಿರುವುದೂ ಇದೇ ಕುಲದ ರಾಸಾಯನಿಕಗಳೇ ಎಂಬುದು ಪ್ರಕೃತಿಯ ವಿಚಿತ್ರ ಸಮಜಾಯಿಷಿ. ಹಾಗೆಂದು ಉಮ್ಮತ್ತಿಯ ಕಷಾಯ ಕುಡಿಸಲು ಹೊರಟರೆ ಒಂದು ವಿಷಕ್ಕೆ ಇನ್ನೊಂದು ವಿಷ ಕೂಡಿಸಿದಂತಾಗುತ್ತದೆ. ಗಿಡದಲ್ಲಿ ಅದರ ಪ್ರಮಾಣ ಎಷ್ಟೆಂಬುದನ್ನು ಯಾರೂ ಅಳೆದಿಟ್ಟಿರುವುದಿಲ್ಲ.

ಅಟ್ರೋಪಿನ್ ಸ್ನಾಯುವಿನ ಮೇಲಿನ ಗ್ರಾಹಕಗಳನ್ನು ಮಾತ್ರ ಮುಟ್ಟದು. ಅಲ್ಲಿ ಕಿಣ್ವದ ಕೈಯನ್ನೇ ಬಿಚ್ಚಬೇಕು. ಪ್ರಾಲಿಡಾಕ್ಸಿಮ್ ಎಂಬ ಮದ್ದು ಆ ಕೆಲಸ ಮಾಡಬಲ್ಲದು, ಆದರೆ ಗಂಟು ಬಿಗಿಯುವ ಮೊದಲು ಮಾತ್ರ. ವಿಷ ಮತ್ತು ಕಿಣ್ವದ ನಡುವಿನ ಬೆಸುಗೆ ಹೊತ್ತು ಕಳೆದಂತೆ ಹಳತಾಗಿ ಗಟ್ಟಿಯಾಗುತ್ತದೆ. ಮೊನೊಕ್ರೊಟೊಫಾಸ್‌ನಂಥ ಕೆಲವದರಲ್ಲಿ ಇದು ಕೆಲವೇ ಗಂಟೆಗಳ ಮಾತು. ಕ್ಲೋರ್‌ಪೈರಿಫಾಸ್‌ನಂಥವುಗಳಲ್ಲಿ ಒಂದು ದಿನಕ್ಕಿಂತ ಹೆಚ್ಚು ಕಾಲಾವಕಾಶ ಇರುತ್ತದೆ. ಒಮ್ಮೆ ಗಟ್ಟಿಯಾದ ಮೇಲೆ ಬಿಚ್ಚುವ ಮದ್ದಿಲ್ಲ. ದೇಹ ಹೊಸ ಕಿಣ್ವವನ್ನು ತಯಾರಿಸಿಕೊಳ್ಳುವವರೆಗೆ, ಅಂದರೆ ವಾರಗಟ್ಟಲೆ, ಕಾಯಬೇಕು. ಈ ಮದ್ದಿನ ಉಪಯುಕ್ತತೆಯ ಬಗ್ಗೆಯೂ ವೈದ್ಯರಲ್ಲಿ ಏಕಾಭಿಪ್ರಾಯವಿಲ್ಲ. ನಮಗೆ ದೂರವಲ್ಲದ ಬಾರಾಮತಿಯಲ್ಲಿ ನಡೆದು 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ, ಹೆಚ್ಚಿನ ಪ್ರಮಾಣದಲ್ಲಿ ಸತತವಾಗಿ ಕೊಟ್ಟರೆ ಸಾವು ಕಡಿಮೆಯಾಗುತ್ತದೆಂದಿತು. 2009ರಲ್ಲಿ ಶ್ರೀಲಂಕಾದಿಂದ ಬಂದ ಅಧ್ಯಯನ ಅಂಥ ಪ್ರಯೋಜನವನ್ನು ಕಾಣಲಿಲ್ಲ. ವಿವಾದವಿಲ್ಲದ ಸಂಗತಿ ಒಂದೇ: ಅಟ್ರೋಪಿನ್, ಆಮ್ಲಜನಕ, ಮತ್ತು ಅಗತ್ಯ ಬಿದ್ದಾಗ ಕೃತಕ ಉಸಿರಾಟದ ಯಂತ್ರ, ಇವು ಸಕಾಲದಲ್ಲಿ ಸಿಕ್ಕವರು ಬದುಕುತ್ತಾರೆ. ಇಲ್ಲಿಯೂ ಒಂದು ಮೋಸವಿದೆ. ಮೊದಲ ದಿನದ ಅಬ್ಬರ ಇಳಿದು, ರೋಗಿ ಎದ್ದು ಕುಳಿತು, ಮನೆಯವರು ನಿಟ್ಟುಸಿರು ಬಿಟ್ಟ ಬಳಿಕ, ಒಂದರಿಂದ ನಾಲ್ಕು ದಿನಗಳೊಳಗೆ ಕತ್ತು ಎತ್ತಲಾಗದಂತಾಗಿ ಉಸಿರು ಮತ್ತೆ ಸೋಲುವುದುಂಟು. 1987ರಲ್ಲಿ ಶ್ರೀಲಂಕಾದ ವೈದ್ಯರು ಇದನ್ನು ಮೊದಲು ಗುರುತಿಸಿ ವರ್ಣಿಸಿದರು. ‘ಆರಾಮಾಗ್ಯಾನ’ ಎಂದು ಎರಡನೇ ದಿನವೇ ಆಸ್ಪತ್ರೆಯಿಂದ ಕರೆದೊಯ್ಯುವುದು ಎಷ್ಟು ಅಪಾಯಕಾರಿ ಎಂಬುದು ಹಳ್ಳಿಹಳ್ಳಿಗೂ ಗೊತ್ತಾಗಬೇಕಾದ ವಿಷಯ.

ಇದೇ ಕಿಣ್ವದ ಕೈಯನ್ನು ಹಗುರವಾಗಿ, ತಾತ್ಕಾಲಿಕವಾಗಿ ಕಟ್ಟಿದರೆ ಅದು ಔಷಧವೂ ಆಗುತ್ತದೆ ಎಂಬುದನ್ನು ಇಲ್ಲಿ ಹೇಳದಿದ್ದರೆ ಚಿತ್ರ ಅಪೂರ್ಣ. ಮಯಸ್ತೇನಿಯಾ ಗ್ರಾವಿಸ್ ಎಂಬ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ ಸ್ನಾಯುವಿನ ಗ್ರಾಹಕಗಳ ಮೇಲೆ ದಾಳಿ ಮಾಡುತ್ತದೆ. ಮುಂಜಾನೆ ನೆಟ್ಟಗಿದ್ದ ಕಣ್ಣುರೆಪ್ಪೆ ಸಂಜೆಗೆ ಜೋಲುತ್ತದೆ, ಅಗಿಯುತ್ತಾ ಅಗಿಯುತ್ತಾ ದವಡೆ ಸೋಲುತ್ತದೆ. ಅದರ ಲಕ್ಷಣಗಳು ವಿಷಬಾಧೆಯನ್ನು ಹೋಲುತ್ತವೆಂಬುದನ್ನು ಗಮನಿಸಿದ ಮೇರಿ ವಾಕರ್ ಎಂಬ ವೈದ್ಯೆ 1934ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಕಿಣ್ವವನ್ನು ತಡೆಯುವ ಫೈಸೊಸ್ಟಿಗ್ಮಿನ್ ಎಂಬ ಮದ್ದನ್ನು ರೋಗಿಗೆ ಕೊಟ್ಟರು. ಜೋತುಬಿದ್ದ ರೆಪ್ಪೆ ಮೇಲೆದ್ದಿತು. ಉಳಿದಿರುವ ಕೆಲವೇ ಗ್ರಾಹಕಗಳಿಗೆ ಸಂದೇಶ ಹೆಚ್ಚು ಹೊತ್ತು ಕೇಳಿಸುವಂತೆ ಮಾಡುವುದಷ್ಟೇ ಇಲ್ಲಿನ ಉಪಾಯ. ಅದೇ ಕುಲದ ನಿಯೋಸ್ಟಿಗ್ಮಿನ್ ಎಂಬ ಮದ್ದನ್ನು ನಾಗರಹಾವು ಕಡಿದವರಿಗೆ ವಿಷನಿರೋಧಕದ ಜೊತೆಗೆ ಇಂದಿಗೂ ಕೊಡುತ್ತಾರೆ. ಮರೆಗುಳಿತನದ ಆಲ್ಜೈಮರ್ ಕಾಯಿಲೆಗೆ ಕೊಡುವ ಡೊನೆಪೆಜಿಲ್ ಕೂಡ ಇದೇ ಬಗೆಯದು. ಮದ್ದಿಗೂ ವಿಷಕ್ಕೂ ನಡುವೆ ಇಲ್ಲಿರುವ ಅಂತರ ಕೈಕಟ್ಟಿದ ಬಿಗಿಯದು ಮಾತ್ರ.

ನಿಪ್ಪಾಣಿಯ ಕಡೆಗೆ ಹೋದರೆ ಅಲ್ಲಿ ಮೂರನೆಯ ಉದಾಹರಣೆ ಹೊಲದ ತುಂಬ ನಿಂತಿದೆ. ತಂಬಾಕಿನ ನಿಕೋಟಿನ್ ಅಸಿಟೈಲ್‌ಕೋಲೀನಿನ ವೇಷ ಹಾಕಿಕೊಂಡು ಅದೇ ಗ್ರಾಹಕಗಳಿಗೆ ತಗುಲುತ್ತದೆ. ಆ ಗ್ರಾಹಕಗಳ ವೈಜ್ಞಾನಿಕ ಹೆಸರೇ ನಿಕೋಟಿನಿಕ್ ಎಂದಾಗಿದೆ. ಹಸಿ ಎಲೆಯನ್ನು ಬರಿಗೈಯಲ್ಲಿ ಕೀಳುವವರಿಗೆ ತಲೆಸುತ್ತು, ವಾಂತಿ ಬರುವುದಕ್ಕೆ ಕಾರಣ ಚರ್ಮದ ಮೂಲಕ ಒಳಸೇರುವ ಈ ನಿಕೋಟಿನ್ನೇ. ಇಮಿಡಾಕ್ಲೋಪ್ರಿಡ್ ಮುಂತಾದ ಹೊಸ ಕೀಟನಾಶಕಗಳನ್ನು ಇದರ ಮಾದರಿಯಲ್ಲೇ ರೂಪಿಸಲಾಗಿದೆ. ಅವು ಮನುಷ್ಯನ ಗ್ರಾಹಕಕ್ಕಿಂತ ಕೀಟದ ಗ್ರಾಹಕಕ್ಕೆ ಹೆಚ್ಚು ಬಿಗಿಯಾಗಿ ಅಂಟುವುದರಿಂದ ನಮಗೆ ಅಪಾಯ ಕಡಿಮೆ, ಜೇನುನೊಣಗಳಿಗೆ ಮಾತ್ರ ಹೆಚ್ಚು. ಆ ಚರ್ಚೆ ಬೇರೆಯೇ ಆದದ್ದು.

ಕನ್ನಡ ನಾಡು ಈ ವಿಷದ ಪರಿಣಾಮವನ್ನು ಸಾಮೂಹಿಕವಾಗಿ ಕಂಡದ್ದು 2018ರ ಡಿಸೆಂಬರ್ 14ರಂದು. ಚಾಮರಾಜನಗರ ಜಿಲ್ಲೆಯ ಹನೂರು ಸೀಮೆಯ ಸುಳ್ವಾಡಿಯಲ್ಲಿ ಕಿಚ್ಚುಗುತ್ತಿ ಮಾರಮ್ಮನ ದೇವಸ್ಥಾನದ ಪ್ರಸಾದಕ್ಕೆ ಮೊನೊಕ್ರೊಟೊಫಾಸ್ ಬೆರೆಸಲಾಗಿತ್ತು. 17 ಮಂದಿ ಸತ್ತರು. ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಅದು ಅಪರಾಧ ಪ್ರಕರಣವಾಗಿ, ನ್ಯಾಯಾಲಯದ ವಿಚಾರವಾಗಿ ಸುದ್ದಿಯಲ್ಲಿ ಉಳಿಯಿತು, ಉಳಿಯಬೇಕಾದದ್ದೇ. ಆದರೆ ಅಂದು ಆ ಗಡಿಭಾಗದಿಂದ ರೋಗಿಗಳನ್ನು ವೆಂಟಿಲೇಟರ್ ಇರುವ ಮೈಸೂರಿನ ಆಸ್ಪತ್ರೆಗಳಿಗೆ ನೂರು ಕಿಲೊಮೀಟರಿಗೂ ಹೆಚ್ಚು ದೂರ ಸಾಗಿಸಬೇಕಾಯಿತೆಂಬುದು ಆರೋಗ್ಯ ವ್ಯವಸ್ಥೆಯ ಪ್ರಶ್ನೆ. ಅದನ್ನು ನಾವು ಬೇಗ ಮರೆತೆವು. 2013ರಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತಾಗಲೂ ಅನ್ನದಲ್ಲಿದ್ದದ್ದು ಇದೇ ವಿಷ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಸಿಂಪಡಿಸುತ್ತಿದ್ದ 20ಕ್ಕೂ ಹೆಚ್ಚು ರೈತರು, ಕೂಲಿಗಳು ಸತ್ತರು. ಅವರಾರೂ ವಿಷ ಕುಡಿದವರಲ್ಲ, ಯಾರೂ ಅವರಿಗೆ ಕುಡಿಸಿದ್ದೂ ಇಲ್ಲ, ದುಡಿಯಲು ಹೋದವರು.

ದುಡಿಯಲು ಹೋದವರ ಈ ಪ್ರಶ್ನೆ ನಾಗನೂರ ಸೀಮೆಗೆ ಹೆಚ್ಚು ಹತ್ತಿರದ್ದು. ಎತ್ತರಕ್ಕೆ ಬೆಳೆದ ಬೆಳೆಯಲ್ಲಿ ನಳಿಗೆಯನ್ನು ಮುಖಕ್ಕಿಂತ ಮೇಲೆ ಹಿಡಿದು ಸಿಂಪಡಿಸಬೇಕು. ಎದುರುಗಾಳಿ ಬೀಸಿದರೆ ಅದೆಲ್ಲ ಮೈಮೇಲೆ. ಬೇಸಿಗೆಯ ಬಿಸಿಲಿನಲ್ಲಿ ರಬ್ಬರಿನ ಕೈಗವಸು, ಮುಖವಾಡ ಹಾಕಿಕೊಳ್ಳಿ ಎಂದು ಉಪದೇಶ ಮಾಡುವವರು ಅರ್ಧ ಗಂಟೆ ಹಾಕಿಕೊಂಡು ನೋಡಲಿ. ಬೆವರಿದ ಚರ್ಮದ ಮೂಲಕ ಈ ವಿಷ ಸಲೀಸಾಗಿ ಒಳಗಿಳಿಯುತ್ತದೆ. ಸಂಜೆ ತಲೆನೋವು, ಕಣ್ಣು ಮಂಜು, ಹೊಟ್ಟೆ ತೊಳಸಿದಂತೆ ಆದರೆ ‘ಬಿಸಿಲಿಗೆ ಆಗಿದೆ’ ಎಂದು ಮಲಗುತ್ತಾರೆ. ನಮ್ಮ ಭಾಷೆಯೂ ಇದಕ್ಕೆ ನೆರವಾಗಿದೆ. ಉತ್ತರ ಕರ್ನಾಟಕದಲ್ಲಿ ಸಿಂಪಡಿಸುವುದಕ್ಕೆ ‘ಎಣ್ಣಿ ಹೊಡಿಯೂದು’ ಎನ್ನುತ್ತಾರೆ. ರಾಜ್ಯದ ಎಲ್ಲೆಡೆ ಅದು ‘ಔಷಧಿ’. ಮಾರುವ ಅಂಗಡಿ ಔಷಧಿ ಅಂಗಡಿ. ಸಾಯಲೆಂದು ಕುಡಿದವರ ಬಗೆಗೂ ‘ಔಷಧಿ ಕುಡಿದರು’ ಎಂದೇ ಮಾತು. ಬಾಟಲಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳ ಮೂಲಕ ವಿಷದ ತೀವ್ರತೆಯನ್ನು ಸೂಚಿಸಬೇಕೆಂಬ ನಿಯಮ 1971ರ ಕೀಟನಾಶಕ ನಿಯಮಾವಳಿಯಲ್ಲಿದೆ. ಔಷಧಿ ಎಂದು ಕೈಗೆ ಬಂದ ವಸ್ತುವಿನ ಮೇಲಿನ ಕೆಂಪು ತ್ರಿಕೋನವನ್ನು ಯಾರು ಓದುತ್ತಾರೆ?

ಹೀಗೆ ಸ್ವಲ್ಪಸ್ವಲ್ಪವಾಗಿ ಒಳಸೇರುವ ವಿಷವನ್ನು ಪತ್ತೆಹಚ್ಚಲು ಸರಳವಾದ ರಕ್ತಪರೀಕ್ಷೆಯೊಂದಿದೆ. ರಕ್ತದಲ್ಲಿನ ಕೋಲಿನೆಸ್ಟರೇಸ್ ಮಟ್ಟವನ್ನು ಸಿಂಪಡಣೆಯ ಹಂಗಾಮಿಗೆ ಮೊದಲು ಒಮ್ಮೆ, ನಡುವೆ ಒಮ್ಮೆ ಅಳೆದರೆ, ಇಳಿದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಇಳಿದವರನ್ನು ಕೆಲವು ವಾರ ಆ ಕೆಲಸದಿಂದ ದೂರವಿಟ್ಟರೆ ಸಾಕು. ಕೀಟನಾಶಕದ ತಯಾರಿಕೆ ಮತ್ತು ಸಿಂಪಡಣೆಯ ಉದ್ಯೋಗದಲ್ಲಿರುವವರಿಗೆ ವೈದ್ಯಕೀಯ ತಪಾಸಣೆ ಆಗಬೇಕೆಂದು ಆ ನಿಯಮಾವಳಿಯೇ ಹೇಳುತ್ತದೆ. ಆದರೆ ಇಂದು ಒಬ್ಬರ ಹೊಲದಲ್ಲಿ, ನಾಳೆ ಇನ್ನೊಬ್ಬರ ಹೊಲದಲ್ಲಿ ಪಂಪು ಹೊರುವ ದಿನಗೂಲಿಯವನಿಗೆ ಉದ್ಯೋಗದಾತ ಯಾರು?

ಕಾನೂನಿನ ಹಾದಿ ಎಷ್ಟು ನಿಧಾನ ಎಂಬುದಕ್ಕೆ ಮೊನೊಕ್ರೊಟೊಫಾಸ್‌ನ ಕಥೆಯೇ ಸಾಕ್ಷಿ. ಭಾರತದಲ್ಲಿ ಇದರ ಬಳಕೆಯ ಅಪಾಯವನ್ನು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ವರದಿಯಾಗಿ ಮುಂದಿಟ್ಟಿತ್ತು. ತರಕಾರಿಗಳ ಮೇಲೆ ಇದರ ಬಳಕೆಗೆ ಅದಕ್ಕೂ ಮೊದಲೇ ನಿರ್ಬಂಧವಿತ್ತು. ಆದರೆ ಹತ್ತಿಗೆಂದು ಕೊಂಡ ಬಾಟಲಿ ಬದನೆಯ ಮಡಿಗೆ ಹೋಗದಂತೆ ತಡೆಯುವವರಾರು? 2018ರಲ್ಲಿ ಕೇಂದ್ರ ಸರ್ಕಾರ 18 ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿದಾಗ ಕಬ್ಬಿನ ಬೇರಿಗೆ ಸುರಿಯುತ್ತಿದ್ದ ಫೋರೇಟ್ ಆ ಪಟ್ಟಿಯಲ್ಲಿತ್ತು, ಮೊನೊಕ್ರೊಟೊಫಾಸ್ ಇರಲಿಲ್ಲ. 2020ರ ಮೇ ತಿಂಗಳಲ್ಲಿ 27 ಕೀಟನಾಶಕಗಳ ನಿಷೇಧದ ಕರಡು ಹೊರಟಿತು; ಉದ್ಯಮದಿಂದ ಆಕ್ಷೇಪಗಳು ಬಂದವು; ಮೂರು ವರ್ಷಗಳ ಬಳಿಕ ಪಟ್ಟಿ ಸೊರಗಿ ಸಣ್ಣದಾಯಿತು. ಕೊನೆಗೂ 2023ರ ಸೆಪ್ಟೆಂಬರ್‌ನಲ್ಲಿ ಮೊನೊಕ್ರೊಟೊಫಾಸ್‌ನ ಶೇಕಡ 36ರ ದ್ರಾವಣಕ್ಕೆ ನಿಷೇಧದ ಆದೇಶ ಬಂತು, ಇರುವ ದಾಸ್ತಾನು ಮುಗಿಸಲು ಕಾಲಾವಕಾಶದೊಂದಿಗೆ. ಬಿಹಾರದ ಮಕ್ಕಳು ಸತ್ತು ಹತ್ತು ವರ್ಷ, ಸುಳ್ವಾಡಿಯವರು ಸತ್ತು ಸುಮಾರು ಐದು ವರ್ಷ ಆಗಿತ್ತು. ಕ್ಲೋರ್‌ಪೈರಿಫಾಸ್‌ನ ಸರದಿ ಇನ್ನೂ ನಡೆದಿದೆ. 2025ರಲ್ಲಿ ಜಿನೀವಾದಲ್ಲಿ ಸೇರಿದ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಅದನ್ನು ನಿರ್ಮೂಲನೆಯ ಪಟ್ಟಿಗೆ ಸೇರಿಸಿದವು. ಜೊತೆಯಲ್ಲೇ ಹಲವು ಬಳಕೆಗಳಿಗೆ ವಿನಾಯಿತಿಯನ್ನೂ ಬರೆದುಕೊಂಡವು.

ಇದೆಲ್ಲ ನಮಗೆ ಹೊಸದೂ ಅಲ್ಲ. ಎಂಡೋಸಲ್ಫಾನ್ ಈ ರಂಜಕ ಕುಲದ್ದಲ್ಲ, ಅದು ಮುರಿಯುವುದು ಬೇರೆ ಮಾತನ್ನು: ಮಿದುಳಿನ ಕೋಶಗಳು ಒಂದಕ್ಕೊಂದು ‘ಸಾಕು, ಸುಮ್ಮನಿರು’ ಎಂದು ಹೇಳಿಕೊಳ್ಳಲು ಬಳಸುವ ಗಾಬಾ ಎಂಬ ಸಂದೇಶವನ್ನು. ಅದು ಕೇಳಿಸದಾದಾಗ ನರಕೋಶಗಳು ಹದ್ದು ಮೀರಿ, ತೀವ್ರ ವಿಷಬಾಧೆಯಲ್ಲಿ ಸೆಳವು ಬರುತ್ತದೆ. ಕಾಸರಗೋಡಿನ ಎಣ್ಮಕಜೆಯ ಪಡ್ರೆಯಲ್ಲಿ, ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಗಳಲ್ಲಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸುರಿದದ್ದು 2000ದವರೆಗೆ. ಪಡ್ರೆಯವರೇ ಆದ ಕೃಷಿ ಪತ್ರಕರ್ತ ಶ್ರೀಪಡ್ರೆ ಅಲ್ಲಿನ ಕರುಗಳ ಅಂಗವೈಕಲ್ಯವನ್ನು ಗಮನಿಸಿ ಬರೆದದ್ದು ಅದಕ್ಕೆ ಎರಡು ದಶಕ ಮೊದಲು. ಕರ್ನಾಟಕ ಅದನ್ನು ನಿಷೇಧಿಸಿದ್ದು 2011ರ ಫೆಬ್ರುವರಿಯಲ್ಲಿ. ಸುಪ್ರೀಂ ಕೋರ್ಟಿನ ತಡೆ ಬಂದದ್ದು ಅದೇ ಮೇ ತಿಂಗಳಲ್ಲಿ. ಅಲ್ಲಿ ಮೂವತ್ತು ವರ್ಷ ಹಿಡಿದದ್ದಕ್ಕೆ ಒಂದು ಕಾರಣ, ಆರಂಭದಲ್ಲಿ ಯಾರೂ ಎಣಿಸಿಡಲಿಲ್ಲ ಎಂಬುದು. ತಡವಾಗಿ ಎಣಿಸತೊಡಗಿದಾಗ ಯಾವುದು ಯಾವುದರಿಂದ ಎಂಬ ವಾದವೇ ಮುಗಿಯಲಿಲ್ಲ.

ಕೀಟನಾಶಕ ನಿಷೇಧಿಸಿದರೆ ಬೆಳೆ ಹೋಗುತ್ತದೆ ಎಂಬ ರೈತರ ಆತಂಕವನ್ನು ಹಗುರವಾಗಿ ತಳ್ಳಿಹಾಕುವವರಲ್ಲಿ ನಾನಿಲ್ಲ. ಗೊಣ್ಣೆಹುಳು ಬಿದ್ದ ಕಬ್ಬಿನ ಗದ್ದೆಯನ್ನು ನೋಡಿದವರಾರೂ ಹಾಗೆ ಮಾಡಲಾರರು. ಆದರೆ ಶ್ರೀಲಂಕಾದ ಅನುಭವ ನಮ್ಮ ಮುಂದಿದೆ. ಅತ್ಯಂತ ವಿಷಕಾರಿಯಾದ ಒಂದನೇ ದರ್ಜೆಯ ಕೀಟನಾಶಕಗಳನ್ನು ಅದು 1995ರಲ್ಲಿ, ಎಂಡೋಸಲ್ಫಾನನ್ನು 1998ರಲ್ಲಿ ತಡೆಯಿತು. 2005ರ ಹೊತ್ತಿಗೆ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕಿಳಿದಿತ್ತು. ಭತ್ತದ ಇಳುವರಿ ಆ ಕಾರಣಕ್ಕೆ ಕುಸಿದದ್ದು ಕಾಣಲಿಲ್ಲ. ಸಂಕಟದ ಗಳಿಗೆ ಬಹುಮಟ್ಟಿಗೆ ಕ್ಷಣಿಕವಾದದ್ದು. ಆ ಗಳಿಗೆಯಲ್ಲಿ ಕೈಗೆಟಕುವ ವಸ್ತು ಎಷ್ಟು ಮಾರಕ ಎಂಬುದರ ಮೇಲೆ ಬದುಕುಳಿಯುವುದು ನಿಂತಿರುತ್ತದೆ. (ಅಂಥ ಗಳಿಗೆಯಲ್ಲಿರುವವರು ಟೆಲಿ ಮನಸ್ ಸಹಾಯವಾಣಿಯ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು.)

ನಿಷೇಧದ ಅಧಿಕಾರ ದೆಹಲಿಯದು, ಅದು ನಿಧಾನದ್ದು. ರಾಜ್ಯ ಸರ್ಕಾರದ ಕೈಯಲ್ಲಿರುವುದು ಎಣಿಕೆ. 1968ರ ಕೀಟನಾಶಕ ಕಾಯ್ದೆಯ 26ನೇ ಕಲಂ, ಕೀಟನಾಶಕದ ಬಳಕೆಯಿಂದ ಅಥವಾ ನಿರ್ವಹಣೆಯಿಂದ ಆದ ಪ್ರತಿಯೊಂದು ವಿಷಬಾಧೆಯನ್ನೂ ನಿಗದಿತ ಅಧಿಕಾರಿಗೆ ವರದಿ ಮಾಡಬೇಕೆಂದು ಅಧಿಸೂಚನೆಯ ಮೂಲಕ ಆಜ್ಞಾಪಿಸುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ. ಇಂದು ಇಂಥ ರೋಗಿ ಆಸ್ಪತ್ರೆಗೆ ಬಂದರೆ ಸುದ್ದಿ ಹೋಗುವುದು ಪೊಲೀಸ್ ಠಾಣೆಗೆ. ಅಲ್ಲಿ ಅದು ಆತ್ಮಹತ್ಯೆ, ಅಪಘಾತ ಅಥವಾ ಕೊಲೆ. ಬಾಟಲಿಯಲ್ಲಿದ್ದ ರಾಸಾಯನಿಕ ಯಾವುದು, ಎಷ್ಟು ಹೊತ್ತಿಗೆ ಅಟ್ರೋಪಿನ್ ಸಿಕ್ಕಿತು, ಎಲ್ಲಿ ಸಿಗಲಿಲ್ಲ ಎಂಬುದು ಠಾಣೆಯ ಪ್ರಶ್ನೆಗಳಲ್ಲ. ಪೊಲೀಸರ ಭಯದಿಂದಲೇ ಎಷ್ಟೋ ಮನೆಯವರು ಸತ್ಯ ಮರೆಮಾಚಿ ಅಮೂಲ್ಯವಾದ ಗಂಟೆಗಳನ್ನು ಕಳೆದುಕೊಳ್ಳುತ್ತಾರೆ. ಹಾವು ಕಡಿತಕ್ಕೆ 2024ರಲ್ಲಿ ಮಾಡಿದ್ದನ್ನೇ ಇದಕ್ಕೂ ಮಾಡಲು ಹೊಸ ಕಾನೂನೂ ಬೇಡ, ಹೊಸ ಇಲಾಖೆಯೂ ಬೇಡ.

ಮೂಡಲಗಿ, ಗೋಕಾಕ, ಹುಕ್ಕೇರಿಗಳಿಂದ ಬೆಳಗಾವಿಯ ದೊಡ್ಡ ಆಸ್ಪತ್ರೆಗಳಿಗೆ ವಾಹನದಲ್ಲಿ ಒಂದೂವರೆ–ಎರಡು ಗಂಟೆ ಬೇಕು. ಕಬ್ಬಿನ ಗಾಡಿಗಳು ರಸ್ತೆಗಿಳಿದ ಹಂಗಾಮಿನಲ್ಲಿ ಇನ್ನೂ ಹೆಚ್ಚು. ಆ ದಾರಿಯುದ್ದಕ್ಕೂ ಅಟ್ರೋಪಿನ್ ಹನಿಯುತ್ತಿರಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬ ರೋಗಿಗೆ ಒಂದು ರಾತ್ರಿಗೆ ಸಾಲುವಷ್ಟು ದಾಸ್ತಾನು, ಕೋಲಿನೆಸ್ಟರೇಸ್ ಅಳೆಯುವ ವ್ಯವಸ್ಥೆ, ಉಸಿರಿನ ಕೊಳವೆ ಇಳಿಸಬಲ್ಲ ಒಬ್ಬರು ಸದಾ ಲಭ್ಯ, ಇಷ್ಟನ್ನು ಕೇಳುವುದು ಅತಿಯಾಸೆಯಲ್ಲ. ಪ್ರತಿ ರೈತನ ಹೊಲದ ವಿಸ್ತೀರ್ಣ, ತಳಿ, ನಾಟಿಯ ದಿನಾಂಕಗಳನ್ನು ಬರೆದಿಟ್ಟುಕೊಳ್ಳುವ ಸಕ್ಕರೆ ಕಾರ್ಖಾನೆಗಳ ಕ್ಷೇತ್ರ ಸಿಬ್ಬಂದಿ, ಸಿಂಪಡಿಸುವವರ ರಕ್ತಪರೀಕ್ಷೆಯ ಶಿಬಿರವನ್ನು ವರ್ಷಕ್ಕೆರಡು ಬಾರಿ ಏರ್ಪಡಿಸುವುದೂ ಕಷ್ಟವೇನಲ್ಲ. ಮತ್ತೆ, ರೋಗಿಯ ಜೊತೆಗೆ ಬಾಟಲಿಯನ್ನೂ ಆಸ್ಪತ್ರೆಗೆ ತನ್ನಿ ಎಂಬ ಒಂದು ಸಾಲನ್ನು ಕೀಟನಾಶಕದ ಪ್ರತಿ ಅಂಗಡಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆಸಬೇಕು. ಯಾವ ಕಿಣ್ವದ ಗಂಟು ಎಷ್ಟು ಗಂಟೆಯಲ್ಲಿ ಬಿಗಿಯುತ್ತದೆ ಎಂಬುದನ್ನು ವೈದ್ಯರು ಆ ಬಾಟಲಿಯ ಚೀಟಿಯಿಂದಲೇ ತಿಳಿಯಬೇಕಾಗಿದೆ.